ಉದ್ದೀಪನ ಮದ್ದು ತಗೊಂಡವರಿಗೆ ಆಜೀವ ನಿಷೇಧ ಬೇಕಾ? ನಿಯಮ ಏನಿದೆ, ನಮ್ಮ ಕರಾವಳಿಯ ಪ್ರಕರಣಗಳಲ್ಲಿ ಏನಾಯ್ತು?

ಯಾರೋ ಒಬ್ಬ ಅಥ್ಲೀಟ್ ಡೋಪಿಂಗ್‌ನಲ್ಲಿ ಸಿಕ್ಕಿಬಿದ್ದ ಸುದ್ದಿ ಬಂತು ಅಂದ್ರೆ ಕೇಳಿಬರುವ ಮಾತು ಒಂದೇ: ಇಂಥವರನ್ನ ಜೀವನಪೂರ್ತಿ ಬ್ಯಾನ್ ಮಾಡ್ಬೇಕು. ಸಿಟ್ಟು ನ್ಯಾಯವಾದದ್ದೇ. ಆದ್ರೆ ಆಜೀವ ನಿಷೇಧ ಈಗಾಗಲೇ ನಿಯಮದಲ್ಲಿ ಇದೆ ಅನ್ನೋದು ಹೆಚ್ಚಿನವರಿಗೆ ಗೊತ್ತಿಲ್ಲ. ಅದು ಯಾರಿಗೆ ಬೀಳುತ್ತೆ, ಯಾರಿಗೆ ಬೀಳಲ್ಲ ಅನ್ನೋದೇ ಇಲ್ಲಿನ ವಿಷಯ.

ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದ್ರೆ ವಾಡಾ, ಶುರುವಾಗಿದ್ದು 1999ರಲ್ಲಿ. ಅದರ ಸಂಹಿತೆ 2004ರಿಂದ ಜಾರಿಯಲ್ಲಿದೆ. ಭಾರತದಲ್ಲಿ ಇದನ್ನ ನೋಡಿಕೊಳ್ಳೋದು ನಾಡಾ. 2022ರಲ್ಲಿ ಅದಕ್ಕೆ ಪ್ರತ್ಯೇಕ ಕಾಯ್ದೆಯೂ ಬಂತು. ಮೂಲ ನಿಯಮ ಸರಳ: ದೇಹದಲ್ಲಿ ನಿಷೇಧಿತ ವಸ್ತು ಸಿಕ್ಕರೆ ಅದಕ್ಕೆ ಆಟಗಾರನೇ ಹೊಣೆ. ಯಾರು ಕೊಟ್ಟರು, ಯಾಕೆ ಕೊಟ್ಟರು ಅನ್ನೋದು ಶಿಕ್ಷೆಯ ಪ್ರಮಾಣ ನಿರ್ಧರಿಸುವಾಗ ಮಾತ್ರ ಲೆಕ್ಕಕ್ಕೆ ಬರುತ್ತೆ.

ಬೇಕಂತಲೇ ತಗೊಂಡಿದ್ದರೆ ಮೊದಲ ಸಲಕ್ಕೆ 4 ವರ್ಷ. ನಿರ್ಲಕ್ಷ್ಯದಿಂದ ಆಗಿದ್ದರೆ 2 ವರ್ಷ ಅಥವಾ ಅದಕ್ಕಿಂತ ಕಡಿಮೆ. ಎರಡನೇ ಸಲ ಸಿಕ್ಕಿಬಿದ್ದರೆ ಶಿಕ್ಷೆ ಏರುತ್ತೆ, ಮೂರನೇ ಸಲಕ್ಕೆ ಸಾಮಾನ್ಯವಾಗಿ ಆಜೀವ ನಿಷೇಧ. ಇನ್ನೊಂದು ಕಡೆಯೂ ಆಜೀವ ನಿಷೇಧ ಇದೆ, ಅದನ್ನ ಗಮನಿಸಿ: ಅಪ್ರಾಪ್ತ ವಯಸ್ಸಿನ ಆಟಗಾರರಿಗೆ ಸ್ಟೀರಾಯ್ಡ್‌ನಂಥ ಮದ್ದು ಕೊಟ್ಟ ಕೋಚ್ ಅಥವಾ ಡಾಕ್ಟರ್‌ಗೆ ಮೊದಲ ಸಲಕ್ಕೇ ಬಾಗಿಲು ಬಂದ್.

ಸಿದ್ದಾಪುರದ ಅಶ್ವಿನಿ ಪ್ರಕರಣ

ಕುಂದಾಪುರ ತಾಲೂಕು ಸಿದ್ದಾಪುರದ ಅಶ್ವಿನಿ ಅಕ್ಕುಂಜಿ 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು 4x400 ರಿಲೇ ಎರಡರಲ್ಲೂ ಚಿನ್ನ ಗೆದ್ದಾಗ ಇಡೀ ಜಿಲ್ಲೆ ಹಬ್ಬ ಮಾಡಿತ್ತು. ಮರುವರ್ಷವೇ ಅವರೂ ಸೇರಿದಂತೆ ರಾಷ್ಟ್ರೀಯ ಶಿಬಿರದ ಹಲವು ಓಟಗಾರ್ತಿಯರ ಮಾದರಿಯಲ್ಲಿ ಸ್ಟೀರಾಯ್ಡ್ ಪತ್ತೆಯಾಯ್ತು. ಉಕ್ರೇನ್‌ನ ಕೋಚ್ ಯೂರಿ ಒಗೊರೊದ್ನಿಕ್ ಚೀನಾದಿಂದ ತಂದುಕೊಟ್ಟ ಜಿನ್‌ಸೆಂಗ್ ಪೂರಕದಿಂದ ಹೀಗಾಯ್ತು ಅಂತ ಹುಡುಗಿಯರು ಹೇಳಿದರು. ಕೋಚ್‌ನನ್ನ ಸರ್ಕಾರ ಕೆಲಸದಿಂದ ತೆಗೆಯಿತು.

ನಾಡಾದ ಶಿಸ್ತು ಸಮಿತಿ ಅವರ ಮಾತು ಒಪ್ಪಿ 1 ವರ್ಷದ ನಿಷೇಧ ಹಾಕಿತು. ಆದ್ರೆ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ 2012ರಲ್ಲಿ ಅದನ್ನ 2 ವರ್ಷಕ್ಕೆ ಏರಿಸಿತು. ಕೋಚ್ ಕೊಟ್ಟರು ಅಂತ ಪರೀಕ್ಷಿಸದೆ ನುಂಗಿದ್ದೂ ನಿರ್ಲಕ್ಷ್ಯವೇ ಅನ್ನೋದು ತೀರ್ಪಿನ ತಿರುಳು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು.

ಅವತ್ತು ಆಜೀವ ನಿಷೇಧದ ನಿಯಮ ಇದ್ದಿದ್ದರೆ? ಶಿಬಿರದಲ್ಲಿ ಇಂಗ್ಲಿಷ್ ಲೇಬಲ್ ಓದಿ ಕೋಚ್‌ಗೆ ಎದುರು ಪ್ರಶ್ನೆ ಹಾಕುವ ಧೈರ್ಯ ನಮ್ಮ ಹಳ್ಳಿಯಿಂದ ಹೋದ ಎಷ್ಟು ಮಕ್ಕಳಿಗಿದೆ ಹೇಳಿ.

ಹಾಗಂತ ಕಥೆ ಒಂದೇ ಮುಖದ್ದಲ್ಲ. ಅದೇ ತಂಡದಲ್ಲಿ ಸಿಕ್ಕಿಬಿದ್ದಿದ್ದ ಮನ್‌ದೀಪ್ ಕೌರ್ ಮತ್ತು ಪ್ರಿಯಾಂಕಾ ಪನ್ವಾರ್ ಶಿಕ್ಷೆ ಮುಗಿಸಿ ಬಂದು, 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಮಂಗಳೂರಿನ ಎಂ.ಆರ್. ಪೂವಮ್ಮ ಜತೆ ಓಡಿ ರಿಲೇ ಚಿನ್ನ ಗೆದ್ದರು. ಎರಡನೇ ಅವಕಾಶಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ ಅನ್ನಿಸುತ್ತೆ. ಆದ್ರೆ 2016ರಲ್ಲಿ ಪ್ರಿಯಾಂಕಾ ಮತ್ತೆ ಸಿಕ್ಕಿಬಿದ್ದು 8 ವರ್ಷದ ನಿಷೇಧಕ್ಕೆ ಒಳಗಾದರು. ಪೂವಮ್ಮ ಅವರಿಗೂ 2021ರ ಒಂದು ಪರೀಕ್ಷೆಗೆ ಸಂಬಂಧಿಸಿ ಮೊದಲು 3 ತಿಂಗಳು, ಮೇಲ್ಮನವಿಯಲ್ಲಿ 2 ವರ್ಷದ ಶಿಕ್ಷೆ ಆಯ್ತು.

ಕಠಿಣ ಶಿಕ್ಷೆ ಬೇಕು ಅನ್ನೋರ ವಾದ

ಇವರ ವಾದದಲ್ಲಿ ಹುರುಳಿದೆ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ 100 ಮೀಟರನ್ನ 9.79 ಸೆಕೆಂಡ್‌ನಲ್ಲಿ ಓಡಿದ ಕೆನಡಾದ ಬೆನ್ ಜಾನ್ಸನ್ ಸ್ಟೀರಾಯ್ಡ್‌ಗೆ ಸಿಕ್ಕಿಬಿದ್ದು 2 ವರ್ಷ ಹೊರಗಿದ್ದ. ವಾಪಸ್ ಬಂದು 1993ರಲ್ಲಿ ಮತ್ತೆ ಸಿಕ್ಕಿಬಿದ್ದ, ಆಗ ಆಜೀವ ನಿಷೇಧ. ಅಮೆರಿಕದ ಜಸ್ಟಿನ್ ಗ್ಯಾಟ್ಲಿನ್ ಎರಡು ಸಲ ಶಿಕ್ಷೆ ಅನುಭವಿಸಿ, 2017ರಲ್ಲಿ 35ರ ವಯಸ್ಸಿನಲ್ಲಿ ಉಸೇನ್ ಬೋಲ್ಟ್‌ರನ್ನೇ ಹಿಂದಿಕ್ಕಿ ವಿಶ್ವ ಚಾಂಪಿಯನ್ ಆದಾಗ ಲಂಡನ್ ಸ್ಟೇಡಿಯಂ ಹೋ ಎಂದು ಕೂಗಿ ಛೀಮಾರಿ ಹಾಕಿತು.

ವಿಜ್ಞಾನವೂ ಅವರ ಪರ ಸ್ವಲ್ಪ ನಿಲ್ಲುತ್ತೆ. ಓಸ್ಲೊ ವಿಶ್ವವಿದ್ಯಾಲಯದವರು ಇಲಿಗಳ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟೆಸ್ಟೋಸ್ಟೆರೋನ್ ನಿಲ್ಲಿಸಿ ತಿಂಗಳುಗಳಾದ ಮೇಲೂ ಆ ಇಲಿಗಳ ಸ್ನಾಯು ವ್ಯಾಯಾಮಕ್ಕೆ ಉಳಿದವಕ್ಕಿಂತ ಬೇಗ ಬೆಳೆಯಿತು. ಮನುಷ್ಯರಲ್ಲೂ ಹಾಗೇ ಇದ್ದರೆ, ಶಿಕ್ಷೆ ಮುಗಿದರೂ ಮದ್ದಿನ ಲಾಭ ಮುಗಿದಿರಲ್ಲ.

ಮತ್ತೆ ಮೋಸಹೋದವರ ಕಥೆ. ಬೆಂಗಳೂರಿನಲ್ಲಿ ನೆಲೆಸಿರುವ ಅಂಜು ಬಾಬಿ ಜಾರ್ಜ್ 2005ರ ವರ್ಲ್ಡ್ ಅಥ್ಲೆಟಿಕ್ಸ್ ಫೈನಲ್‌ನಲ್ಲಿ ಉದ್ದಜಿಗಿತದ ಬೆಳ್ಳಿ ಗೆದ್ದಿದ್ದರು. ರಷ್ಯಾದ ತಾತ್ಯಾನಾ ಕೊಟೊವಾ ಅವರ ಹಳೇ ಮಾದರಿಯನ್ನ ಮರುಪರೀಕ್ಷೆ ಮಾಡಿದ ಮೇಲೆ ಅದು ಚಿನ್ನವಾಗಿ ಬದಲಾಯ್ತು, 9 ವರ್ಷ ತಡವಾಗಿ. ಅಷ್ಟೊತ್ತಿಗೆ ಪೋಡಿಯಂ ಇಲ್ಲ, ರಾಷ್ಟ್ರಗೀತೆ ಇಲ್ಲ.

ಹಾಗಾದ್ರೆ ಎಲ್ಲರಿಗೂ ಯಾಕೆ ಹಾಕಲ್ಲ?

ಪ್ರಯತ್ನ ಆಗಿದೆ. ಒಮ್ಮೆ ಡೋಪಿಂಗ್ ಮಾಡಿದವರನ್ನ ಮತ್ತೆಂದೂ ಒಲಿಂಪಿಕ್ಸ್‌ಗೆ ಆರಿಸಬಾರದು ಅಂತ ಬ್ರಿಟಿಷ್ ಒಲಿಂಪಿಕ್ ಸಂಸ್ಥೆ 1992ರಿಂದಲೇ ನಿಯಮ ಇಟ್ಟುಕೊಂಡಿತ್ತು. ಲಂಡನ್ ಒಲಿಂಪಿಕ್ಸ್‌ಗೆ ಕೆಲವೇ ತಿಂಗಳಿರುವಾಗ, 2012ರ ಏಪ್ರಿಲ್‌ನಲ್ಲಿ, ಕ್ರೀಡಾ ನ್ಯಾಯಾಲಯ ಅದನ್ನ ತಳ್ಳಿಹಾಕಿತು. ವಾಡಾ ಸಂಹಿತೆ ಒಪ್ಪಿಕೊಂಡ ಮೇಲೆ ಅದರಾಚೆ ಇನ್ನೊಂದು ಶಿಕ್ಷೆ ಸೇರಿಸೋ ಹಾಗಿಲ್ಲ ಅಂತ. ಓಟಗಾರ ಡ್ವೇನ್ ಚೇಂಬರ್ಸ್‌ಗೆ ಒಲಿಂಪಿಕ್ಸ್ ದಾರಿ ಮತ್ತೆ ತೆರೆದದ್ದು ಹೀಗೆ.

ಇನ್ನೊಂದು ತೊಡಕು, ಎಲ್ಲ ಪ್ರಕರಣ ಒಂದೇ ತೂಕದ್ದಲ್ಲ. ಕ್ರಿಕೆಟಿಗ ಪೃಥ್ವಿ ಶಾ 2019ರಲ್ಲಿ 8 ತಿಂಗಳು ಹೊರಗಿದ್ದು ಕೆಮ್ಮಿನ ಸಿರಪ್‌ನಲ್ಲಿರುವ ಟರ್ಬುಟಲಿನ್‌ನಿಂದ. ರಷ್ಯಾದ ಸ್ಕೇಟರ್ ಕಮಿಲಾ ವಲಿಯೆವಾ ಹೃದಯದ ಮಾತ್ರೆಯ ಅಂಶಕ್ಕೆ ಸಿಕ್ಕಿಬಿದ್ದಾಗ ವಯಸ್ಸು 15. ಅವಳಿಗೆ 4 ವರ್ಷ ಆಯ್ತು. ಹದಿನೈದರ ಹುಡುಗಿ ಅಂಗಡಿಗೆ ಹೋಗಿ ಹೃದಯದ ಮಾತ್ರೆ ತಂದಳು ಅಂತ ನಂಬೋದು ಕಷ್ಟ.

ನಮ್ಮ ಅಭಿಪ್ರಾಯ ಹೇಳೋದಾದ್ರೆ, ಮೊದಲ ತಪ್ಪಿಗೇ ಆಟಗಾರನ ಬದುಕು ಮುಚ್ಚೋದು ಬೇಡ. ಎರಡನೇ ಸಲವೂ ಬೇಕಂತಲೇ ಮಾಡಿದರೆ ಮೂರನೆಯದಕ್ಕೆ ಕಾಯೋದೂ ಬೇಡ. ಮದ್ದು ತಂದುಕೊಡೋರಿಗೆ ಮಾತ್ರ ಮೊದಲ ದಿನದಿಂದಲೇ ಆಜೀವ ನಿಷೇಧ ಆಗಲಿ. ಸುದ್ದಿಯಲ್ಲಿ ಓಟಗಾರರ ಹೆಸರು, ಫೋಟೊ ಬರುತ್ತೆ. ಸಿರಿಂಜ್ ಕೊಟ್ಟವನ ಹೆಸರು ಬರೋದು ಅಪರೂಪ.

ಸಿಕ್ಕಿಬೀಳುವ ಭಯ ಶಿಕ್ಷೆಗಿಂತ ಹೆಚ್ಚು ಕೆಲಸ ಮಾಡುತ್ತೆ ಅನ್ನೋದಕ್ಕೆ 2023ರ ಸೆಪ್ಟೆಂಬರ್‌ನಲ್ಲಿ ನಡೆದ ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟವೇ ಸಾಕ್ಷಿ. ನಾಡಾದವರು ಬಂದಿದ್ದಾರೆ ಅಂತ ಗೊತ್ತಾಗಿದ್ದೇ ತಡ, ಪುರುಷರ 100 ಮೀಟರ್ ಫೈನಲ್‌ಗೆ ಬಂದು ನಿಂತವನು ಒಬ್ಬನೇ! 2022ರಲ್ಲಿ ಭಾರತದ 3,865 ಮಾದರಿ ಪರೀಕ್ಷಿಸಿದ್ದಕ್ಕೆ 125ರಲ್ಲಿ ನಿಷೇಧಿತ ವಸ್ತು ಸಿಕ್ಕಿತ್ತು.

ಮಕ್ಕಳು ಕೂಟಗಳಿಗೆ ಹೋಗ್ತಿದ್ದರೆ

ಜಿಮ್‌ನಲ್ಲಿ ಕೊಟ್ಟ ಪುಡಿ, ಆನ್‌ಲೈನ್‌ನಲ್ಲಿ ತರಿಸಿದ ಡಬ್ಬಿ ಏನೇ ಇರಲಿ, ಬಿಲ್ಲು ಮತ್ತು ಬ್ಯಾಚ್ ನಂಬರ್ ಇರುವ ಲೇಬಲ್ ಇಟ್ಟುಕೊಳ್ಳಿ. ಡಾಕ್ಟರ್ ಹತ್ರ ಹೋದಾಗ ಆಟಗಾರ ಅಂತ ಮೊದಲೇ ಹೇಳಿ. ಔಷಧ ನಿಷೇಧಿತವೋ ಅಂತ ನೋಡಲು ನಾಡಾದ 'ನೋ ಯುವರ್ ಮೆಡಿಸಿನ್' ಆ್ಯಪ್ ಇದೆ. ಅಸ್ತಮಾದಂಥ ಕಾಯಿಲೆಗೆ ನಿಷೇಧಿತ ಔಷಧವೇ ಬೇಕಾದ್ರೆ ವೈದ್ಯಕೀಯ ವಿನಾಯಿತಿಗೆ ಅರ್ಜಿ ಹಾಕಬಹುದು. ಪರೀಕ್ಷೆಯ ದಿನ ತುಂಬುವ ಫಾರಂನಲ್ಲಿ ಹಿಂದಿನ 7 ದಿನ ತಗೊಂಡ ಮಾತ್ರೆ, ಸಿರಪ್, ಪುಡಿ ಎಲ್ಲವನ್ನೂ ಬರೆಸಿ. ಮಾದರಿಯನ್ನ ಎ ಮತ್ತು ಬಿ ಅಂತ ಎರಡು ಬಾಟಲಿಗೆ ಹಾಕಿ ಸೀಲ್ ಮಾಡುತ್ತಾರೆ. ಎ ಪಾಸಿಟಿವ್ ಬಂದರೆ ಬಿ ಪರೀಕ್ಷೆ ಕೇಳುವ ಹಕ್ಕು ಆಟಗಾರನಿಗಿದೆ.