ಹನ್ನೊಂದು ಚಿನ್ನ ಮತ್ತು 34ರ ಲೆಕ್ಕ

ಆಟಗಾರರ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಗೆದ್ದ ಪದಕಗಳನ್ನು ಎಣಿಸಿ ಮುಗಿಸುತ್ತಾರೆ. ಆಟಗಾರನು ಅಂಗವಿಕಲನಾಗಿದ್ದರಂತೂ ಆ ಎಣಿಕೆಯನ್ನೂ ಬದಿಗಿಟ್ಟು, ‘ಪಾಪ, ಇಂಥ ಸ್ಥಿತಿಯಲ್ಲೂ ಎಷ್ಟೊಂದು ಮಾಡಿದ’ ಎಂದು ನಾವು ಸುಮ್ಮನಾಗುತ್ತೇವೆ. ವೇಲ್ಸ್ ನಾಡಿನ ಈಜುಗಾರ ಡೇವಿಡ್ ರಾಬರ್ಟ್ಸ್ ಅವರ ಕಥೆಯನ್ನು ಸರಿಯಾಗಿ ಓದಿದರೆ, ಆ ‘ಪಾಪ’ ಎಂಬ ಮಾತಿಗೆ ಅಲ್ಲಿ ಜಾಗವೇ ಇಲ್ಲವೆಂಬುದು ತಿಳಿಯುತ್ತದೆ.

ವೇಲ್ಸ್ ಬ್ರಿಟನ್ನಿನ ಪಶ್ಚಿಮದ ಅಂಚಿನಲ್ಲಿರುವ ಚಿಕ್ಕ ನಾಡು. ಇಂಗ್ಲಿಷಿಗಿಂತ ತೀರ ಬೇರೆಯಾದ ತನ್ನದೇ ಭಾಷೆಯನ್ನು ಅದು ಉಳಿಸಿಕೊಂಡು ಬಂದಿದೆ. ಅದರ ದಕ್ಷಿಣ ಭಾಗದ ಕಲ್ಲಿದ್ದಲ ಕಣಿವೆಗಳಲ್ಲಿ, ಎರಡು ನದಿಗಳು ಕೂಡುವಲ್ಲಿ, ಪಾಂಟಿಪ್ರೀದ್ ಎಂಬ ಊರಿದೆ. ವೇಲ್ಸಿನ ನಾಡಗೀತೆ 1856ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ರಾಬರ್ಟ್ಸ್ ಹುಟ್ಟಿದ್ದೂ ಇಲ್ಲಿಯೇ, 1980ರ ಮೇ 25ರಂದು. ಅವರಿಗೆ ‘ಸೆರೆಬ್ರಲ್ ಪಾಲ್ಸಿ’ ಇದೆಯೆಂದು, ಅಂದರೆ ಮಿದುಳಿನ ದೋಷದಿಂದ ಸ್ನಾಯುಗಳ ಮೇಲಿನ ಹಿಡಿತ ತಪ್ಪುವ ತೊಂದರೆ ಇದೆಯೆಂದು, ವೈದ್ಯರು ಗುರುತಿಸಿದಾಗ ಹುಡುಗನಿಗೆ ಹನ್ನೊಂದು ವರ್ಷ. ಈಜುಕೊಳಕ್ಕೆ ಇಳಿದದ್ದು ಅಂಗಸಾಧನೆಯ ಚಿಕಿತ್ಸೆಯೆಂದು, ಪದಕದ ಆಸೆಯಿಂದಲ್ಲ.

ಚಿಕಿತ್ಸೆಯು ಸ್ಪರ್ಧೆಯಾಗುವುದು ಈ ಕ್ರೀಡೆಯ ಇತಿಹಾಸದಲ್ಲಿ ಹೊಸದೇನೂ ಅಲ್ಲ. ಹಿಟ್ಲರನ ಜರ್ಮನಿಯನ್ನು ತೊರೆದು ಇಂಗ್ಲೆಂಡಿಗೆ ಬಂದ ಯಹೂದಿ ವೈದ್ಯ ಲುಡ್ವಿಗ್ ಗುಟ್‌ಮನ್, ಬೆನ್ನುಹುರಿಗೆ ಪೆಟ್ಟಾದ ಸೈನಿಕರಿಗಾಗಿ 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಒಂದು ವಿಭಾಗ ತೆರೆದರು. ಹಾಸಿಗೆ ಹಿಡಿದವರನ್ನು ಆಟಕ್ಕೆ ಎಬ್ಬಿಸುವುದು ಅವರ ಚಿಕಿತ್ಸಾಕ್ರಮ. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನವೇ, ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ 16 ಮಂದಿ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲುಗಾರಿಕೆಯ ಸ್ಪರ್ಧೆ ನಡೆಸಿದರು. 1960ರ ರೋಮ್ ಕ್ರೀಡಾಕೂಟದ ಹೊತ್ತಿಗೆ 23 ದೇಶಗಳ 400 ಮಂದಿ ಸೇರಿದ್ದರು. ಅದನ್ನೇ ಇಂದು ಮೊದಲನೆಯ ಪ್ಯಾರಾಲಿಂಪಿಕ್ಸ್ ಎನ್ನುತ್ತಾರೆ. ಆದರೆ ಸೆರೆಬ್ರಲ್ ಪಾಲ್ಸಿ ಉಳ್ಳವರಿಗೆ ಅಲ್ಲಿ ಪ್ರವೇಶ ದೊರೆತದ್ದು 1980ರಲ್ಲಿ, ಹಾಲೆಂಡಿನ ಆರ್ನೆಮ್ ಕೂಟದಲ್ಲಿ. ರಾಬರ್ಟ್ಸ್ ಹುಟ್ಟಿದ ಮರುತಿಂಗಳು!

ಇಲ್ಲಿ ಲೆಕ್ಕದ ಮಾತೊಂದನ್ನು ಹೇಳಬೇಕು. ಎಲ್ಲರ ದೇಹದ ಕೊರತೆಯೂ ಒಂದೇ ತೆರನಲ್ಲ. ಆದ್ದರಿಂದ ದೈಹಿಕ ಅಂಗವಿಕಲತೆಯ ಈಜುಗಾರರನ್ನು 1ರಿಂದ 10ರವರೆಗೆ ವರ್ಗ ಮಾಡುತ್ತಾರೆ. 1 ಎಂದರೆ ತೊಡಕು ಅತಿ ಹೆಚ್ಚು, 10 ಎಂದರೆ ಅತಿ ಕಡಿಮೆ. ರಾಬರ್ಟ್ಸ್ 7ನೆಯ ವರ್ಗದವರು. ನಾಲ್ವರ ರಿಲೇ ಸ್ಪರ್ಧೆಯೊಂದರಲ್ಲಿ ತಂಡದ ವರ್ಗಸಂಖ್ಯೆಗಳ ಮೊತ್ತ 34ನ್ನು ಮೀರಕೂಡದು. 10ನೆಯ ವರ್ಗದ ನಾಲ್ವರನ್ನೇ ಕಟ್ಟಿಕೊಂಡರೆ ಮೊತ್ತ 40. ಆ ತಂಡ ನೀರಿಗಿಳಿಯುವಂತೆಯೇ ಇಲ್ಲ. 10, 9, 8, 7 ಕೂಡಿಸಿ ನೋಡಿ, ಸರಿಯಾಗಿ 34. ನಮ್ಮ ರೂಢಿಯ ಕಣ್ಣಿಗೆ ತಂಡಕ್ಕೆ ಭಾರವೆಂದು ಕಾಣುವ ಆ ಏಳನೆಯ ವರ್ಗದವನೇ ಇಲ್ಲಿ ಲೆಕ್ಕವನ್ನು ಕೂಡಿಸಿಕೊಡುವವನು. ಅವನಿಲ್ಲದೆ ಹತ್ತನೆಯವನಿಗೂ ದಾರಿಯಿಲ್ಲ.

ಈ ಲೆಕ್ಕದೊಳಗೆ ರಾಬರ್ಟ್ಸ್ ಮಾಡಿದ್ದೇನು? 2000ದ ಸಿಡ್ನಿಯಲ್ಲಿ ಮೂರು ಚಿನ್ನ, ಮೂರು ಬೆಳ್ಳಿ, ಒಂದು ಕಂಚು. 2004ರ ಅಥೆನ್ಸಿನಲ್ಲಿ ನಾಲ್ಕು ಚಿನ್ನ, ಒಂದು ಬೆಳ್ಳಿ. 2008ರ ಬೀಜಿಂಗಿನಲ್ಲಿ 50, 100, 400 ಮೀಟರ್ ಫ್ರೀಸ್ಟೈಲ್ ಮತ್ತು ರಿಲೇ, ನಾಲ್ಕರಲ್ಲೂ ಚಿನ್ನ. ಐವತ್ತು ಮೀಟರಿನಲ್ಲಿ ಒಂದೇ ಉಸಿರಿನ ರಭಸ ಬೇಕು. ನಾನೂರರಲ್ಲಿ ಉಸಿರನ್ನು ಜೋಪಾನವಾಗಿ ಖರ್ಚು ಮಾಡುವ ಲೆಕ್ಕಾಚಾರ ಬೇಕು. ಎರಡನ್ನೂ ಒಬ್ಬನೇ ಗೆಲ್ಲುವುದು ಸುಲಭವಲ್ಲ. ಒಟ್ಟು ಹನ್ನೊಂದು ಚಿನ್ನ, ಹದಿನಾರು ಪದಕ. ವೇಲ್ಸಿನವರೇ ಆದ, ಕಾರ್ಡಿಫ್ ನಗರದ ಗಾಲಿಕುರ್ಚಿ ಓಟಗಾರ್ತಿ ಟ್ಯಾನಿ ಗ್ರೇ-ಥಾಂಪ್ಸನ್ ಅವರೂ ಇಷ್ಟೇ ಚಿನ್ನ, ಇಷ್ಟೇ ಪದಕ ಗೆದ್ದಿದ್ದರು. ಪ್ಯಾರಾಲಿಂಪಿಕ್ಸಿನಲ್ಲಿ ವೇಲ್ಸಿಗೆ ಪ್ರತ್ಯೇಕ ತಂಡವಿಲ್ಲ, ಬ್ರಿಟನ್ನಿನ ಧ್ವಜವೇ ಅವರ ಧ್ವಜ. ಬೀಜಿಂಗಿನ ಸಮಾರೋಪದಲ್ಲಿ ಆ ಧ್ವಜವನ್ನು ಹಿಡಿದು ನಡೆದವರು ಪಾಂಟಿಪ್ರೀದಿನ ಈ ಈಜುಗಾರ.

ಮುಂದಿನ ಕೂಟ 2012ರಲ್ಲಿ, ಸ್ವದೇಶದ ಲಂಡನ್ನಿನಲ್ಲಿಯೇ. ಇನ್ನೊಂದು ಚಿನ್ನ ಬಂದಿದ್ದರೆ ಟ್ಯಾನಿಯವರನ್ನು ದಾಟಿ ಹನ್ನೆರಡು ಆಗುತ್ತಿತ್ತು. ಆದರೆ ಅರ್ಹತೆಗೆ ಬೇಕಾದ ಕಾಲವನ್ನು ಅವರು ಮುಟ್ಟಲಿಲ್ಲ. ತಂಡದಲ್ಲಿ ಸ್ಥಾನವೂ ದೊರೆಯಲಿಲ್ಲ. ಹನ್ನೊಂದು ಚಿನ್ನದವರೆಂದು ಯಾರೂ ವಿನಾಯಿತಿ ಕೊಡಲಿಲ್ಲ. ಓದುವಾಗ ನಮಗೆ ನೋವಾಗುವುದು ನಿಜ. ಆದರೂ ಯೋಚಿಸಿದರೆ, ಆ ಹನ್ನೊಂದಕ್ಕೆ ಬೆಲೆ ಬಂದದ್ದೇ ಈ ಕಟ್ಟುನಿಟ್ಟಿನಿಂದ. ಸೋತಾಗ ಕರುಣೆ ತೋರುವ ಗಡಿಯಾರವಾಗಿದ್ದರೆ, ಗೆದ್ದಾಗ ಅದು ಹೇಳಿದ ಮಾತನ್ನು ಯಾರು ನಂಬುತ್ತಿದ್ದರು?

ಅದೇ ಲಂಡನ್ ಕೊಳದಲ್ಲಿ ಭಾರತದ ಪರವಾಗಿ ಈಜಿದವರು ಬೆಂಗಳೂರಿನ ಶರತ್ ಗಾಯಕವಾಡ್. ಆ ಕೂಟದಲ್ಲಿ ಭಾರತಕ್ಕೆ ಬಂದ ಒಂದೇ ಪದಕ, ಎತ್ತರ ಜಿಗಿತದ ಬೆಳ್ಳಿ, ಹಾಸನ ಜಿಲ್ಲೆಯ ಎಚ್. ಎನ್. ಗಿರೀಶ ಅವರದು. ಅವರನ್ನೂ ಅಳೆದದ್ದು ಸೆಂಟಿಮೀಟರು, ಅನುಕಂಪವಲ್ಲ.

ನಮ್ಮ ಸಂಘಗಳ ವಾರ್ಷಿಕ ಆಟೋಟಗಳಲ್ಲಿ ಕಾಲು ಸ್ವಾಧೀನವಿಲ್ಲದ ಮಗುವಿಗೆ ನಾವು ಕೊಡುವುದೇನು? ಮುಂದಿನ ಸಾಲಿನಲ್ಲಿ ಒಂದು ಕುರ್ಚಿ, ಕೊನೆಯಲ್ಲಿ ಒಂದು ಸಮಾಧಾನಕರ ಬಹುಮಾನ. ಅದರ ಬದಲು ಒಂದು ರಿಲೇ ಓಟವಿಟ್ಟು, ಆ ಮಗುವಿಲ್ಲದೆ ತಂಡವೇ ಕೂಡದಂತೆ ನಿಯಮ ಮಾಡಿದರೆ ಹೇಗೆ? ಆಗ ಮಕ್ಕಳೇ ಅವನನ್ನು ತಮ್ಮ ತಂಡಕ್ಕೆ ಕರೆಯಲು ಪೈಪೋಟಿ ನಡೆಸುತ್ತಾರೆ. ಗೆದ್ದರೆ ಬಹುಮಾನ ಕೊಡೋಣ. ಸೋತರೆ, ಎಲ್ಲ ಮಕ್ಕಳಿಗೂ ಹೇಳುವಂತೆ, ಮುಂದಿನ ವರ್ಷ ಇನ್ನೂ ಚೆನ್ನಾಗಿ ಅಭ್ಯಾಸ ಮಾಡಿಕೊಂಡು ಬಾ ಎನ್ನೋಣ.