ಬೀದಿಯ ಹೊಸಿಲು

ಮನೆಗೆ ಹೊಸಿಲು ಇರುವಂತೆ ಬೀದಿಗೂ ಒಂದು ಹೊಸಿಲುಂಟು. ಫುಟ್‌ಪಾತನ್ನು ರಸ್ತೆಯಿಂದ ಬೇರ್ಪಡಿಸುವ ಅಂಚುಗಲ್ಲೇ ಅದು. ನಾಲ್ಕಾರು ಅಂಗುಲದ ಈ ಕಲ್ಲನ್ನು ತಗ್ಗಿಸಲು ಇಂಗ್ಲೆಂಡಿನಲ್ಲಿ ಎಷ್ಟು ಅಪ್ಪಣೆ ಬೇಕೆಂದು ಕೇಳಿದರೆ ನಮ್ಮವರಿಗೆ ಸೋಜಿಗವಾದೀತು. ಅಲ್ಲಿ ಮನೆ ಕೊಂಡಿರುವ ನನ್ನ ತಂಗಿಯ ಮಗ, ಮುಂದಣ ಕೈತೋಟದಲ್ಲಿ ಕಾರು ನಿಲ್ಲಿಸಿಕೊಳ್ಳಲು ಅರ್ಜಿ ಹಾಕಿಕೊಂಡವನು, “ಜಾಗ ನನ್ನದು, ಕಾರು ನನ್ನದು; ಇದಕ್ಕೆ ಯಾವ ದೊಣ್ಣೆನಾಯಕನ ಅಪ್ಪಣೆ, ಮಾವ?” ಎಂದು ಬರೆದಿದ್ದ. ಆ ಪ್ರಶ್ನೆಗೆ ಉತ್ತರ ಚರಿತ್ರೆಯಲ್ಲಿದೆ.

ಹದಿನೆಂಟನೆಯ ಶತಮಾನದ ನಡುಗಾಲದವರೆಗೆ ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿನಲ್ಲಿ ಮನೆಯ ಮುಂದಣ ನೆಲಕ್ಕೆ ಕಲ್ಲು ಹಾಸುವುದು ಆಯಾ ಮನೆಯವನ ಹೊಣೆಯಾಗಿತ್ತು. ಒಬ್ಬನದು ಎತ್ತರ, ಮಗ್ಗುಲವನದು ತಗ್ಗು, ಇನ್ನೊಬ್ಬನದು ಬರಿಯ ಕೆಸರು. ನಡೆಯುವವನ ಪಾಡು ಹೇಳತೀರದು. 1762ರ ಕಾಯಿದೆ ಈ ಹೊಣೆಯನ್ನು ಮನೆಯವರ ಕೈಯಿಂದ ತೆಗೆದು ಕಮಿಷನರುಗಳಿಗೆ ಒಪ್ಪಿಸಿತು. ಬೀದಿಗೆ ಒಂದೇ ಮಟ್ಟದ ಹಾಸು ಬಂತು. ಬದಿಗೆ ಅಂಚುಗಲ್ಲು ಬಂತು. ಹೊಣೆ ಊರಿನದಾದ ಮೇಲೆ ಹಕ್ಕೂ ಊರಿನ ಕಡೆಗೆ ವಾಲಿದ್ದು ಸಹಜವೇ.

ಮುಂದೆ 1835ರ ಹೆದ್ದಾರಿ ಕಾಯಿದೆ, ರಸ್ತೆಯ ಬದಿಯ ಕಾಲುದಾರಿಯ ಮೇಲೆ ಬೇಕೆಂದೇ ಕುದುರೆ ಏರಿ ಹೋಗುವುದನ್ನೂ ಗಾಡಿ ಹೊಡೆಯುವುದನ್ನೂ ಅಪರಾಧವೆಂದು ಸಾರಿ, 40 ಷಿಲಿಂಗುಗಳವರೆಗೆ ದಂಡ ವಿಧಿಸಿತು. ಆ ನಿಷೇಧ ಇಂದಿಗೂ ಜೀವಂತವಾಗಿದೆ. ಮೋಟಾರು ಬಂದಾಗ ತೊಡಕಾದದ್ದು ಇಲ್ಲಿಯೇ. ರಸ್ತೆಯಿಂದ ತನ್ನ ಅಂಗಳಕ್ಕೆ ಹೋಗುವ ಕಾರು ನಡುವೆ ನಡೆಯುವವನ ನೆಲವನ್ನು ದಾಟಲೇಬೇಕು. ಆ ದಾಟಿಗೆ ಬೇಕಾದ ನಿಯಮಗಳು 1959ರ ಕಾಯಿದೆಯಲ್ಲಿ ಸೇರಿ, 1980ರ ಹೆದ್ದಾರಿ ಕಾಯಿದೆಯ 184ನೆಯ ಸೆಕ್ಷನ್ನಿನಲ್ಲಿ ಮುಂದುವರಿದವು. ಮನೆಯವನು ಕೇಳಿಕೊಳ್ಳಬಹುದು, ಸ್ಥಳೀಯ ಆಡಳಿತವು ಕಾಲುದಾರಿಗೆ ಹಾನಿಯಾಗದಂತೆ, ಕಾರು ಸುರಕ್ಷಿತವಾಗಿ ಬಂದು ಹೋಗುವಂತೆ, ಸಂಚಾರಕ್ಕೆ ಅಡ್ಡಿಯಾಗದಂತೆ ನೋಡಿ ಒಪ್ಪಬಹುದು, ತಿದ್ದಬಹುದು, ಇಲ್ಲವೆನ್ನಲೂಬಹುದು. ಖರ್ಚು ಮಾತ್ರ ಅರ್ಜಿದಾರನದು. ರಸ್ತೆಯು ಸರ್ಕಾರದ ಪಟ್ಟಿಯಲ್ಲಿ ದರ್ಜೆ ಪಡೆದದ್ದಾದರೆ ನಗರಯೋಜನೆಯ ಅಪ್ಪಣೆಯೂ ಬೇಕು.

ಅಂಗಳದೊಳಗೂ ಮನೆಯವನು ಪೂರ್ತಿ ಸ್ವತಂತ್ರನಲ್ಲ. 2007ರ ಬೇಸಿಗೆಯಲ್ಲಿ ಇಂಗ್ಲೆಂಡು ದೊಡ್ಡ ನೆರೆಯನ್ನು ಕಂಡಿತು. ಮರುವರ್ಷದ ಅಕ್ಟೋಬರಿನಿಂದ, ಮುಂದಣ ತೋಟದಲ್ಲಿ 5 ಚದರ ಮೀಟರಿಗಿಂತ ಹೆಚ್ಚು ನೆಲಕ್ಕೆ ನೀರಿಂಗದ ಹಾಸು ಹಾಕಿ, ಮಳೆನೀರನ್ನು ಬೀದಿಗೆ ಬಿಡಬೇಕಾದರೆ ಅಪ್ಪಣೆ ಪಡೆಯಬೇಕಾಯಿತು. ಒಬ್ಬನ ಅಂಗಳದ ನೀರು ಊರಿನ ಚರಂಡಿಯ ಪ್ರವಾಹವಾಗುತ್ತದೆಂಬುದೇ ಇದರ ಮರ್ಮ.

ಇಷ್ಟಾಗಿ, ಹಣ ತೆತ್ತವನಿಗೆ ಆ ಇಳಿಜಾರು ಸ್ವತ್ತಾಗುವುದಿಲ್ಲ. 2004ರ ಸಂಚಾರ ಕಾಯಿದೆಯ ಒಂದು ಸ್ವಾರಸ್ಯವನ್ನು ನೋಡಿ. ಗೊತ್ತುಮಾಡಿದ ಪ್ರದೇಶಗಳಲ್ಲಿ ತಗ್ಗಿಸಿದ ಅಂಚಿನ ಮುಂದೆ ವಾಹನ ನಿಲ್ಲಿಸಕೂಡದು. ಮನೆಯವನು ತನ್ನ ಮನೆಯ ಮುಂದೆ ಇತರರಿಗೆ ಸಮ್ಮತಿ ಕೊಡಬಹುದು. ಆದರೆ ಆ ಸಮ್ಮತಿಗೆ ಪ್ರತಿಫಲ ಪಡೆದರೆ ಅದು ನಡೆಯದು. ಬೀದಿಯನ್ನು ಬಳಸಬಹುದು, ಬಾಡಿಗೆಗೆ ಕೊಡುವಂತಿಲ್ಲ!

ನಮ್ಮ ಬೆಂಗಳೂರಿನಲ್ಲಿ ಗೇಟಿನಿಂದ ರಸ್ತೆಯವರೆಗೆ ಇಳಿಜಾರು ಕಟ್ಟಿ ಫುಟ್‌ಪಾತನ್ನೇ ನುಂಗಿದ ಮನೆಗಳು ಎಷ್ಟಿಲ್ಲ? ಒಂದು ಮನೆಯ ಮುಂದೆ ಏರು, ಮುಂದಿನದರ ಮುಂದೆ ಇಳಿಜಾರು. ಕೋಲೂರಿ ನಡೆಯುವ ಮುದುಕರು ಬೇಸತ್ತು ವಾಹನಗಳ ನಡುವೆ ರಸ್ತೆಗೇ ಇಳಿಯುತ್ತಾರೆ. 1762ಕ್ಕೆ ಹಿಂದಿನ ವೆಸ್ಟ್‌ಮಿನ್‌ಸ್ಟರನ್ನು ನೋಡಬೇಕೆನ್ನುವವರು ಹಡಗು ಹತ್ತಬೇಕಾಗಿಲ್ಲ.