ಹತ್ತು ದಿನದ ಟೂರಿಗೆ ಹತ್ತು ಬೆರಳು

ಒಂದು ಸರಳ ಪ್ರಶ್ನೆ ಕೇಳ್ತೀನಿ. ನಿಮ್ಮ ಬ್ಯಾಂಕ್ ಪಾಸ್‌ಬುಕ್ಕನ್ನು ನೀವು ಯಾರಿಗೆಲ್ಲ ತೋರಿಸ್ತೀರಿ? ಅಣ್ಣತಮ್ಮಂದಿರಿಗೆ? ಬೀಗರಿಗೆ? ಕೆಲವು ಮನೆಗಳಲ್ಲಿ ಹೆಂಡತಿಗೂ ತೋರಿಸೋದಿಲ್ಲ. ಆದರೆ ಐಫೆಲ್ ಟವರ್ ಎದುರು ನಿಂತು ಒಂದು ಫೋಟೋ ತೆಗೆಸಿಕೊಳ್ಳಬೇಕು ಅಂತ ಆಸೆ ಹುಟ್ಟಿದ ಮರುಗಳಿಗೆಯೇ ಅದೇ ಲೆಕ್ಕವನ್ನು, ಪ್ರತಿ ಪುಟಕ್ಕೂ ಬ್ಯಾಂಕಿನ ಸೀಲು ಹಾಕಿಸಿ, ಮುಖ ನೋಡದ ಅಧಿಕಾರಿಗೆ ಕಳಿಸಿಕೊಡ್ತೀವಿ. ಜೊತೆಗೆ ಸಂಬಳದ ಚೀಟಿ, ಆದಾಯ ತೆರಿಗೆ ರಿಟರ್ನ್ಸು, ಆಫೀಸಿನ ರಜೆ ಪತ್ರ, ಹೋಟೆಲ್ ಬುಕಿಂಗು, ವಾಪಸ್ ಬರುವ ವಿಮಾನದ ಟಿಕೆಟ್ಟು, 30 ಸಾವಿರ ಯೂರೋಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ. ಮೇಲೆ 90 ಯೂರೋ ಶುಲ್ಕ. ವೀಸಾ ಕೊಡದಿದ್ದರೆ ಆ ದುಡ್ಡು ವಾಪಸ್ ಬರಲ್ಲ.

ನಾನೂ ಕಳಿಸಿದ್ದೇನೆ. ಹತ್ತು ದಿನದ ಯೂರೋಪ್ ಪ್ರವಾಸಕ್ಕೆ ಬೆಂಗಳೂರಿನ ಒಂದು ಅರ್ಜಿ ಕೇಂದ್ರದಲ್ಲಿ ಫೈಲು ಹಿಡಿದು ಕೂತಿದ್ದೆ. ನನ್ನ ಮುಂದೆ ತೀರ್ಥಹಳ್ಳಿ ಕಡೆಯ ವಯಸ್ಸಾದ ದಂಪತಿ. ಮಗಳು ಅಲ್ಲಿದ್ದಾಳೆ, ಬಾಣಂತನಕ್ಕೆ ಹೊರಟಿದ್ದರು. ಯಜಮಾನರ ಬೆರಳಚ್ಚು ಸಲೀಸಾಗಿ ಬಂತು. ಆ ತಾಯಿಯದ್ದು ಬರಲಿಲ್ಲ. ಗಾಜಿನ ಮೇಲೆ ಬೆರಳಿಟ್ಟರೆ ಯಂತ್ರ ಕೆಂಪು ದೀಪ ತೋರಿಸುತ್ತೆ. "ಗಟ್ಟಿಯಾಗಿ ಒತ್ತಿ ಅಮ್ಮಾ" ಅಂತಾಳೆ ಕೌಂಟರ್ ಹುಡುಗಿ. ಒತ್ತುತ್ತಾರೆ. ಮತ್ತೆ ಕೆಂಪು. ನಲವತ್ತು ವರ್ಷ ಅಡಿಕೆ ಸುಲಿದ ಕೈ ಅದು. ಗೆರೆ ಎಲ್ಲಿ ಉಳಿದಿರುತ್ತೆ?

ಅವತ್ತು ಅಲ್ಲಿ ಕೂತು ಯೋಚನೆ ಮಾಡಿದೆ. ಟಿಕೆಟ್ ತೋರಿಸು, ದುಡ್ಡು ತೋರಿಸು, ಬೆರಳು ಕೊಡು. ಈ ಮೂರು ಬೇಡಿಕೆ ಹುಟ್ಟಿದ್ದು ಎಲ್ಲಿ? ಯಾರ ಮೇಲೆ ಮೊದಲು ಪ್ರಯೋಗವಾಯ್ತು? ಆಮೇಲೆ ಪುಸ್ತಕ ತೆಗೆದು ನೋಡ್ತಾ ಹೋದರೆ ಉತ್ತರ ಬೇರೆಲ್ಲೂ ಇಲ್ಲ ಸ್ವಾಮಿ, ನಮ್ಮ ಹತ್ತಿರಕ್ಕೇ ಬಂದು ನಿಲ್ಲುತ್ತೆ.

ಮೊದಲು ಒಂದು ಮಾತು ಸ್ಪಷ್ಟ ಮಾಡ್ತೀನಿ. ವೀಸಾ ಅನ್ನೋದು ಸೂರ್ಯ ಚಂದ್ರರಂತೆ ಅನಾದಿಯಿಂದ ಇದ್ದದ್ದಲ್ಲ. ಆಸ್ಟ್ರಿಯಾದ ಲೇಖಕ ಸ್ಟೀಫನ್ ಜ್ವೈಗ್, 1914ಕ್ಕಿಂತ ಮೊದಲು ತಾನು ಪಾಸ್‌ಪೋರ್ಟ್ ಅನ್ನೋದನ್ನೇ ಕಾಣದೆ ಭಾರತಕ್ಕೂ ಅಮೆರಿಕಕ್ಕೂ ಹೋಗಿಬಂದೆ ಅಂತ ಬರೆದಿಟ್ಟಿದ್ದಾನೆ. ಇವತ್ತಿನ ಹುಡುಗರಿಗೆ ಹೇಳಿದರೆ ಸುಳ್ಳು ಅಂತಾರೆ. ಹಾಗಂತ ಎಲ್ಲರಿಗೂ ಬಾಗಿಲು ತೆರೆದಿತ್ತು ಅಂದುಕೊಳ್ಳಬೇಡಿ. ಅದೇ ಕಾಲದಲ್ಲಿ ಫಿಜಿಗೆ, ಮಾರಿಷಸ್‌ಗೆ, ಟ್ರಿನಿಡಾಡ್‌ಗೆ ಕಬ್ಬಿನ ತೋಟದ ಕೆಲಸಕ್ಕೆ ಹೊರಟ ನಮ್ಮ ಕೂಲಿಗಳ ಕೈಯಲ್ಲಿ ಎಮಿಗ್ರೇಷನ್ ಪಾಸ್ ಇರುತ್ತಿತ್ತು. ಹೆಸರು, ತಂದೆ ಹೆಸರು, ಜಾತಿ, ಊರು, ಮೈಮೇಲಿನ ಮಚ್ಚೆ, ಎಲ್ಲ ಅದರಲ್ಲಿ. ಸಾಹುಕಾರ ಕಾಗದವಿಲ್ಲದೆ ಓಡಾಡುತ್ತಿದ್ದ, ಕೂಲಿ ಕಾಗದವಿಲ್ಲದೆ ಹಡಗು ಹತ್ತುವಂತಿರಲಿಲ್ಲ. ಇದನ್ನು ಮರೆಯದೆ ಮುಂದೆ ಕೇಳಿ.

ಈಗ ಕೆನಡಾಕ್ಕೆ ಬರೋಣ. 1900ರ ನಂತರದ ವರ್ಷಗಳಲ್ಲಿ ಪಂಜಾಬಿನ ರೈತರು, ಮಾಜಿ ಸೈನಿಕರು ಬ್ರಿಟಿಷ್ ಕೊಲಂಬಿಯಾದ ಮರದ ಮಿಲ್ಲುಗಳಿಗೆ ಕೆಲಸಕ್ಕೆ ಹೋಗತೊಡಗಿದರು. ಕೆನಡಾವೂ ಬ್ರಿಟಿಷ್ ಸಾಮ್ರಾಜ್ಯ, ಭಾರತವೂ ಬ್ರಿಟಿಷ್ ಸಾಮ್ರಾಜ್ಯ. ಒಂದೇ ರಾಜನ ಪ್ರಜೆಗಳು. ಬರಬೇಡಿ ಅಂತ ಬಾಯಿಬಿಟ್ಟು ಹೇಳಿದರೆ ಲಂಡನ್ನಿಗೆ ಮುಜುಗರ, ಭಾರತದಲ್ಲಿ ಗಲಾಟೆ. ಹಾಗಾಗಿ 1908ರ ಜನವರಿಯಲ್ಲಿ ಕೆನಡಾ ಸರ್ಕಾರ ಒಂದು ಜಾಣ ಆದೇಶ ತಂತು. ಹುಟ್ಟಿದ ಅಥವಾ ಪೌರತ್ವವಿರುವ ದೇಶದಿಂದ, ಅಲ್ಲೇ ಕೊಂಡ ಟಿಕೆಟ್ಟಿನಲ್ಲಿ, ಎಲ್ಲೂ ಪ್ರಯಾಣ ಮುರಿಯದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶ. ಓದಿದರೆ ಏನೂ ತಪ್ಪಿಲ್ಲ ಅನ್ನಿಸುತ್ತೆ ಅಲ್ವಾ? ಅದರಲ್ಲಿ 'ಭಾರತೀಯ' ಅನ್ನೋ ಪದವೇ ಇಲ್ಲ. ಆದರೆ ಭಾರತದಿಂದ ವ್ಯಾಂಕೂವರ್‌ಗೆ ನೇರ ಟಿಕೆಟ್ಟು ಸಿಗದ ಹಾಗೆ ಹಡಗು ಕಂಪನಿಯ ಮೇಲೆ ಸರ್ಕಾರವೇ ಒತ್ತಡ ಹಾಕಿತ್ತು! ಬಾಗಿಲು ತೆರೆದೇ ಇದೆ, ಆದರೆ ಬಾಗಿಲಿಗೆ ಬರುವ ದಾರಿಯನ್ನೇ ಅಗೆದು ಹಾಕಿದ್ದಾರೆ. ಅದೇ ವರ್ಷ ಎರಡನೇ ಆದೇಶವೂ ಬಂತು. ಏಷ್ಯಾದವರು ಇಳಿಯುವಾಗ ಕೈಯಲ್ಲಿ 200 ಡಾಲರ್ ನಗದು ತೋರಿಸಬೇಕು. ಮರದ ಮಿಲ್ಲಿನ ಕೂಲಿಗೆ ಅದು ಹಲವು ತಿಂಗಳ ದುಡಿಮೆ.

ಟಿಕೆಟ್ ತೋರಿಸು, ದುಡ್ಡು ತೋರಿಸು. ಎರಡೂ ಬಂದ್ವು ನೋಡಿ.

ಈ ಆದೇಶಕ್ಕೆ ಸವಾಲು ಹಾಕಲು ಹೊರಟಿದ್ದೇ ಕೊಮಗಾಟ ಮಾರು. ಸಿಂಗಾಪುರದಲ್ಲಿ ವ್ಯಾಪಾರ ಮಾಡುತ್ತಿದ್ದ ಗುರುದಿತ್ ಸಿಂಗ್ ಬಾಡಿಗೆಗೆ ಹಿಡಿದ ಜಪಾನಿ ಹಡಗು. 1914ರ ಏಪ್ರಿಲ್ 4ರಂದು ಹಾಂಕಾಂಗ್ ಬಿಟ್ಟಿತು. ಮೇ 23ಕ್ಕೆ ವ್ಯಾಂಕೂವರ್ ತಲುಪಿದಾಗ ಅದರಲ್ಲಿದ್ದವರು 376 ಜನ. ಬಹುಪಾಲು ಸಿಖ್ಖರು, ಜೊತೆಗೆ ಕೆಲವು ಮುಸ್ಲಿಮರು, ಕೆಲವು ಹಿಂದೂಗಳು. ಹಡಗನ್ನು ದಡಕ್ಕೆ ಬಿಡಲಿಲ್ಲ. ಎರಡು ತಿಂಗಳು ಅದು ನೀರಿನ ಮೇಲೇ ನಿಂತಿತು. ಊರು ಕಣ್ಣಿಗೆ ಕಾಣುತ್ತೆ, ಕಾಲಿಡುವಂತಿಲ್ಲ. ಕುಡಿಯುವ ನೀರಿಗೂ, ಊಟಕ್ಕೂ ತತ್ವಾರ. ದಡದಲ್ಲಿದ್ದ ಭಾರತೀಯರು ಚಂದಾ ಎತ್ತಿ ಕೋರ್ಟಿಗೆ ಹೋದರು. ಸೋತರು. ಜುಲೈ 19ರ ರಾತ್ರಿ ಪೊಲೀಸರು ದೋಣಿಯಲ್ಲಿ ಬಂದು ಹಡಗು ಹತ್ತಲು ನೋಡಿದಾಗ ಪ್ರಯಾಣಿಕರು ಕಲ್ಲಿದ್ದಲು ತೂರಿ ಹಿಮ್ಮೆಟ್ಟಿಸಿದರು.  ಕೊನೆಗೆ ಕೆನಡಾ ನೌಕಾಪಡೆಯ ರೈನ್‌ಬೋ ಅನ್ನುವ ಯುದ್ಧನೌಕೆ ಬಂತು. ಮೊದಲೇ ಕೆನಡಾದಲ್ಲಿ ವಾಸವಿದ್ದವರು ಸೇರಿ 24 ಜನರನ್ನು ಮಾತ್ರ ಇಳಿಸಿಕೊಂಡು, ಉಳಿದವರನ್ನು ಜುಲೈ 23ರಂದು ವಾಪಸ್ ಅಟ್ಟಿದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಕೆನಡಾವನ್ನು ಬೈದು ಸುಮ್ಮನಾಗಬಹುದಿತ್ತು. ಆದರೆ ಹಡಗು ಸಮುದ್ರದಲ್ಲಿರುವಾಗಲೇ ಮೊದಲ ಮಹಾಯುದ್ಧ ಶುರುವಾಯ್ತು. ಸೆಪ್ಟೆಂಬರ್‌ನಲ್ಲಿ ಭಾರತದ ಬ್ರಿಟಿಷ್ ಸರ್ಕಾರ ಒಂದು ಸುಗ್ರೀವಾಜ್ಞೆ ಹೊರಡಿಸಿತು. ಹೊರಗಿನಿಂದ ಭಾರತಕ್ಕೆ ಬರುವ ಯಾರನ್ನು ಬೇಕಾದರೂ ತಡೆದು ಬಂಧನದಲ್ಲಿಡುವ ಅಧಿಕಾರ. ಸೆಪ್ಟೆಂಬರ್ 29ಕ್ಕೆ ಕಲ್ಕತ್ತಾ ಹತ್ತಿರದ ಬಜ್ ಬಜ್‌ನಲ್ಲಿ ಇಳಿದವರನ್ನು ಸೀದಾ ರೈಲು ಹತ್ತಿಸಿ ಪಂಜಾಬಿಗೆ ಸಾಗಿಸಲು ನೋಡಿದರು. ಜನ ಒಪ್ಪಲಿಲ್ಲ. ಗುಂಡು ಹಾರಿತು. ಸುಮಾರು 20 ಜನ ಪ್ರಯಾಣಿಕರು ಸತ್ತರು. ಯೋಚನೆ ಮಾಡಿ. ಹೋದ ದೇಶ ಒಳಗೆ ಬಿಡಲಿಲ್ಲ, ಹುಟ್ಟಿದ ದೇಶ ಇಳಿದ ಜಾಗದಲ್ಲೇ ಕೊಂದಿತು. 2016ರ ಮೇ 18ರಂದು ಕೆನಡಾ ಪ್ರಧಾನಿ ಜಸ್ಟಿನ್ ಟ್ರುಡೋ ಸಂಸತ್ತಿನಲ್ಲಿ ನಿಂತು ಕ್ಷಮೆ ಕೇಳಿದರು. ನೂರಾ ಎರಡು ವರ್ಷ ಬೇಕಾಯ್ತು.

ಇನ್ನು ಬೆರಳಿನ ಕಥೆ. ಇದು ನನಗೆ ಇನ್ನೂ ವಿಚಿತ್ರ ಅನ್ನಿಸುತ್ತೆ, ಯಾಕಂದ್ರೆ ಇದು ನಮ್ಮ ನೆಲದಲ್ಲೇ ಬೆಳೆದ ವಿದ್ಯೆ. 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚು ಕಚೇರಿ ತೆರೆಯಿತು. ಜಗತ್ತಿನಲ್ಲೇ ಮೊದಲನೆಯದು. ಬೆರಳಚ್ಚುಗಳನ್ನು ವಿಂಗಡಿಸುವ ವಿಧಾನಕ್ಕೆ ಪೊಲೀಸ್ ಮುಖ್ಯಸ್ಥ ಎಡ್ವರ್ಡ್ ಹೆನ್ರಿಯ ಹೆಸರು ಅಂಟಿಕೊಂಡಿತು. ಅದರ ಹಿಂದೆ ಲೆಕ್ಕ ಹಾಕಿ ತಲೆ ಓಡಿಸಿದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಹೆಸರು ಬಹಳ ಕಾಲ ಯಾರ ಬಾಯಲ್ಲೂ ಬರಲಿಲ್ಲ. ಇದೂ ಒಂದು ಹಳೇ ರಾಗವೇ, ಬಿಡಿ. ಈ ಹೆನ್ರಿ 1900ರಲ್ಲಿ ಪೊಲೀಸ್ ವ್ಯವಸ್ಥೆ ಕಟ್ಟಲು ದಕ್ಷಿಣ ಆಫ್ರಿಕಾಕ್ಕೆ ಹೋದ. ಆರು ವರ್ಷದ ನಂತರ, 1906ರಲ್ಲಿ, ಅಲ್ಲಿನ ಟ್ರಾನ್ಸ್‌ವಾಲ್ ಸರ್ಕಾರ ಒಂದು ಕಾನೂನು ತಂತು. ಅಲ್ಲಿ ನೆಲೆಸಿದ ಏಷ್ಯಾದವರೆಲ್ಲ ನೋಂದಣಿ ಮಾಡಿಸಬೇಕು, ಬೆರಳಚ್ಚು ಕೊಡಬೇಕು, ಪೊಲೀಸ್ ಕೇಳಿದಾಗ ಸರ್ಟಿಫಿಕೇಟ್ ತೋರಿಸಬೇಕು.

ಅಲ್ಲಿ ಒಬ್ಬ ವಕೀಲರಿದ್ದರು. ಅವರು ಹೆನ್ರಿಯ ಪುಸ್ತಕವನ್ನೇ ತರಿಸಿ ಓದಿದರು. ಕಾನೂನು ಹೀಗೆ ಬೆರಳಚ್ಚು ಕೇಳೋದು ಅಪರಾಧಿಗಳಿಂದ ಮಾತ್ರ ಅಂತ ಅವರಿಗೆ ಗೊತ್ತಾಯ್ತು. ಮೋಹನದಾಸ ಕರಮಚಂದ ಗಾಂಧಿ. ಸತ್ಯಾಗ್ರಹ ಅನ್ನುವ ಹೋರಾಟ ಹುಟ್ಟಿದ್ದು ಉಪ್ಪಿನಿಂದಲ್ಲ, ನೂಲಿನಿಂದಲ್ಲ. ಈ ನೋಂದಣಿ ಕಾಗದದಿಂದ. 1908ರ ಆಗಸ್ಟ್ 16ರಂದು ಜೋಹಾನ್ಸ್‌ಬರ್ಗ್‌ನ ಹಮೀದಿಯಾ ಮಸೀದಿಯ ಮುಂದೆ ದೊಡ್ಡ ಕಡಾಯಿ ಇಟ್ಟು, ಸೀಮೆಎಣ್ಣೆ ಸುರಿದು, ಎರಡು ಸಾವಿರಕ್ಕೂ ಹೆಚ್ಚು ಸರ್ಟಿಫಿಕೇಟುಗಳನ್ನು ಸುಟ್ಟರು. ಇದರ ನಡುವೆ ಗಾಂಧಿ ಒಮ್ಮೆ ರಾಜಿ ಮಾಡಿಕೊಂಡು, ಬಲವಂತವಿಲ್ಲದಿದ್ದರೆ ತಾವಾಗಿ ಬೆರಳಚ್ಚು ಕೊಡೋಣ ಅಂದಿದ್ದರು. ಅದಕ್ಕೆ ಸಿಟ್ಟಾದ ನಮ್ಮವರಿಂದಲೇ ರಸ್ತೆಯಲ್ಲಿ ಪೆಟ್ಟು ತಿಂದರು. ಬೆರಳು ಒತ್ತೋದು ಅಂದ್ರೆ ಆಗ ಅಷ್ಟು ದೊಡ್ಡ ಅವಮಾನ. ಈಗ ಅಪಾಯಿಂಟ್‌ಮೆಂಟ್ ಸಿಕ್ಕರೆ ಸಾಕು ಅಂತ ನಾವೇ ಮೊದಲೇ ಹೋಗಿ ಕ್ಯೂ ನಿಲ್ತೀವಿ.

ಮಹಾಯುದ್ಧ ಮುಗಿಯಿತು, ಯುದ್ಧಕಾಲದ ಪಾಸ್‌ಪೋರ್ಟ್ ಮಾತ್ರ ಮನೆಗೆ ಹೋಗಲಿಲ್ಲ. 1920ರಲ್ಲಿ ಪ್ಯಾರಿಸ್‌ನಲ್ಲಿ ಲೀಗ್ ಆಫ್ ನೇಷನ್ಸ್ ಸಭೆ ಸೇರಿಸಿ, ಎಲ್ಲ ದೇಶಕ್ಕೂ ಒಂದೇ ಮಾದರಿಯ 32 ಪುಟದ ಪುಸ್ತಕ ಇರಲಿ ಅಂದರು. ಮುಂದೆ ಇದನ್ನೆಲ್ಲ ತೆಗೆದುಹಾಕೋಣ ಅನ್ನುವ ಆಸೆಯೂ ಆಗ ಇತ್ತು. ಆಸೆ ಕಾಗದದಲ್ಲೇ ಉಳಿಯಿತು. ಭಾರತಕ್ಕೆ ಬರಲು ಪಾಸ್‌ಪೋರ್ಟ್ ಬೇಕು ಅನ್ನುವ ಕಾಯ್ದೆ ಬಂದದ್ದೂ 1920ರಲ್ಲೇ. ಅದು ರದ್ದಾಗಿ ಹೊಸ ಕಾನೂನು ಬಂದದ್ದು 2025ರಲ್ಲಿ!

ಸ್ವತಂತ್ರ ಭಾರತವೇನೂ ಕಡಿಮೆಯಿರಲಿಲ್ಲ. ಪಾಸ್‌ಪೋರ್ಟ್ ಕೊಡೋದು ಬಿಡೋದು ಸರ್ಕಾರದ ಮರ್ಜಿ ಅಂತಿತ್ತು. 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮೂರಕ್ಕೆ ಎರಡರ ಬಹುಮತದಲ್ಲಿ, ವಿದೇಶಕ್ಕೆ ಹೋಗುವುದು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಅಂತ ಹೇಳಿತು. ಒಬ್ಬ ನ್ಯಾಯಮೂರ್ತಿ ಆ ಕಡೆ ವಾಲಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಅದಾದ ಮೇಲೆಯೇ ಇವತ್ತಿನ ಪಾಸ್‌ಪೋರ್ಟ್ ಕಾಯ್ದೆ ಬಂದದ್ದು. ಅಂದರೆ ಮನೆಯಿಂದ ಹೊರಡುವ ಹಕ್ಕನ್ನು ಕೋರ್ಟು ಕೊಡಿಸಿತು. ಆಚೆ ಮನೆಯ ಬಾಗಿಲು ತೆರೆಸುವ ಕೋರ್ಟು ಎಲ್ಲೂ ಇಲ್ಲ.

ಆ ಬಾಗಿಲುಗಳು ಆಮೇಲೆ ಒಂದೊಂದಾಗಿ ಮುಚ್ಚಿದವು. ಹಳೇ ತಲೆಮಾರಿನವರನ್ನು ಕೇಳಿ, ಲಂಡನ್ನಿಗೆ ಸುಮ್ಮನೆ ನೋಡಿಕೊಂಡು ಬರೋಕೆ ವೀಸಾ ಬೇಕಿರಲಿಲ್ಲ ಅಂತಾರೆ. ನಿಜ. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಪ್ರಶ್ನೆ ಕೇಳಿ ಒಳಗೆ ಬಿಡುತ್ತಿದ್ದ ಅಥವಾ ಬಿಡುತ್ತಿರಲಿಲ್ಲ. 1986ರಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೈಜೀರಿಯಾ, ಘಾನಾದವರಿಗೆ ಸಣ್ಣ ಭೇಟಿಗೂ ವೀಸಾ ಕಡ್ಡಾಯ ಮಾಡಿತು. ಗಡುವಿನ ಮುನ್ನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ನೂಕುನುಗ್ಗಲು. ಪಟ್ಟಿಯನ್ನು ಇನ್ನೊಮ್ಮೆ ಓದಿ. ಬಿಳಿಯರು ಹೆಚ್ಚಿರುವ ಒಂದು ದೇಶವಾದರೂ ಇದೆಯಾ?

ಅಮೆರಿಕದ್ದು ಇನ್ನೂ ನೇರ. ಅವರ 1952ರ ವಲಸೆ ಕಾನೂನಿನ 214ಬಿ ಕಲಮು, ಪ್ರವಾಸಿ ವೀಸಾ ಕೇಳುವವನು ಅಲ್ಲೇ ಉಳಿದುಬಿಡುವವನು ಅಂತಲೇ ಮೊದಲು ಭಾವಿಸುತ್ತೆ. ಅಲ್ಲ ಅಂತ ಸಾಬೀತು ಮಾಡೋದು ನಿನ್ನ ಕೆಲಸ. ಕೊಲೆ ಆರೋಪಿಯನ್ನೂ ನಿರಪರಾಧಿ ಅಂತ ಭಾವಿಸುವ ದೇಶ ಅದು! ನಮ್ಮ ಕನ್ನಡಿಗರು ಎರಡು ನಿಮಿಷದ ಆ ಸಂದರ್ಶನಕ್ಕೆ ವರ್ಷಾನುಗಟ್ಟಲೆ ರಾತ್ರಿ ರೈಲು ಹಿಡಿದು ಚೆನ್ನೈಗೆ ಹೋಗಿದ್ದಾರೆ. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆದದ್ದೇ 2025ರ ಜನವರಿಯಲ್ಲಿ. ಹೈದರಾಬಾದ್ ಹತ್ತಿರ ಚಿಲ್ಕೂರಿನಲ್ಲಿ ವೀಸಾ ಬಾಲಾಜಿ ಅಂತಲೇ ಹೆಸರಾದ ದೇವರಿದ್ದಾನೆ. ಬೇಡಿಕೊಳ್ಳಲು 11 ಪ್ರದಕ್ಷಿಣೆ, ಸಿಕ್ಕ ಮೇಲೆ 108. ನಗಬೇಡಿ, ನಾನು ಸುತ್ತಿ ಬಂದಿದ್ದೇನೆ.

ಬರ್ತಾರೆ, ಅಲ್ಲೇ ಉಳೀತಾರೆ ಅನ್ನುವ ಅವರ ಭಯಕ್ಕೆ ಕಾರಣವೇ ಇಲ್ಲವಾ? ಇದೆ. ಟೂರಿಸ್ಟ್ ವೀಸಾದಲ್ಲಿ ಹೋಗಿ ಮಾಯವಾಗುವ ನಮ್ಮವರೂ ಇದ್ದಾರೆ, ಕಳಿಸಿಕೊಡುವ ಏಜೆಂಟರೂ ಇದ್ದಾರೆ. ಅದೂ ಅಲ್ಲದೆ ನಾವು 2025ರವರೆಗೂ ಪಾಕಿಸ್ತಾನದವರಿಗೆ ಊರೂರಿನ ಹೆಸರು ಬರೆದು ವೀಸಾ ಕೊಡ್ತಿದ್ವಿ, ಪೊಲೀಸ್ ಠಾಣೆಯಲ್ಲಿ ವರದಿ ಮಾಡು ಅಂತಿದ್ವಿ. ಅಜ್ಜಿ ಮನೆ ನೋಡಲು ಬಂದ ಕರಾಚಿಯ ಮುದುಕನೂ ನಮ್ಮ ಬಾಗಿಲಲ್ಲಿ ಅನುಮಾನಿತನೇ ಆಗಿದ್ದ. ನನ್ನ ತಕರಾರು ಪ್ರಶ್ನೆ ಕೇಳೋದರ ಮೇಲಲ್ಲ. ಒಬ್ಬ ಮನುಷ್ಯನನ್ನು ನೋಡುವ ಮೊದಲೇ ಅವನ ಊರು ನೋಡಿ ಉತ್ತರ ಬರೆದುಕೊಂಡಿರ್ತಾರಲ್ಲ, ಅದರ ಮೇಲೆ.

ಸುಲಭದ ದಾರಿಗಳೂ ಇವೆ, ಅದನ್ನೂ ಹೇಳಬೇಕು. 1950ರ ಒಪ್ಪಂದದಿಂದಾಗಿ ನೇಪಾಳಕ್ಕೆ ನಮಗೆ ವೀಸಾ ಬೇಡ, ಮತದಾರರ ಚೀಟಿ ಇದ್ದರೂ ವಿಮಾನ ಹತ್ತಬಹುದು. 2023ರ ಕೊನೆಯಲ್ಲಿ ಥಾಯ್ಲೆಂಡ್, ಮಲೇಷ್ಯಾ ಭಾರತೀಯರಿಗೆ ವೀಸಾ ಕೈಬಿಟ್ಟವು. ಕಾರಣ ಪ್ರೀತಿಯಲ್ಲ, ನಮ್ಮ ಜೇಬು. ಖರ್ಚು ಮಾಡುವ ಪ್ರವಾಸಿ ಅವರಿಗೆ ಬೇಕು. ಇಂಥ ರಿಯಾಯಿತಿ ಯಾವಾಗ ಬೇಕಾದರೂ ಬದಲಾಗುತ್ತೆ, ಟಿಕೆಟ್ ಮಾಡಿಸುವ ಮೊದಲು ಆಯಾ ದೇಶದ ಅಧಿಕೃತ ಮಾಹಿತಿ ನೋಡಿಕೊಳ್ಳಿ. ಪಾಸ್‌ಪೋರ್ಟ್ ಅವಧಿ ಆರು ತಿಂಗಳಾದರೂ ಉಳಿದಿರಲಿ.

ಆ ತಾಯಿಯ ವಿಷಯಕ್ಕೆ ಬರ್ತೀನಿ. ನಾಲ್ಕನೇ ಸಲವೂ ಕೆಂಪು ದೀಪ ಬಂತು. ಕೌಂಟರ್ ಹುಡುಗಿ ಒಳ್ಳೆಯವಳು. ಗಾಜು ಒರೆಸಿದಳು, ಒದ್ದೆ ಟಿಶ್ಯೂ ಕೊಟ್ಟಳು, ಒಂದೊಂದೇ ಬೆರಳನ್ನು ತಾನೇ ಹಿಡಿದು ಒತ್ತಿಸಿದಳು. ಏಳು ಬೆರಳು ಬಂತು, ಮೂರು ಬರಲಿಲ್ಲ. ಮೇಲಿನವರನ್ನು ಕೇಳಿಕೊಂಡು ಬರ್ತೀನಿ ಅಂತ ಎದ್ದಳು. ಯಜಮಾನರು ಫೈಲಿನ ಕಾಗದಗಳನ್ನು ಮತ್ತೆ ಎಣಿಸತೊಡಗಿದರು. ಆ ತಾಯಿ ತಮ್ಮ ಅಂಗೈಯನ್ನೇ ಒಂದಷ್ಟು ಹೊತ್ತು ನೋಡಿಕೊಂಡು, ಹುಡುಗಿ ವಾಪಸ್ ಬಂದ ಕೂಡಲೇ ಕೇಳಿದರು.

"ಎರಡು ತಿಂಗಳು ಅಡಿಕೆ ಮುಟ್ಟದೆ ಇದ್ರೆ ಗೆರೆ ಬರ್ತದಾ ಮಗಾ? ಹೆರಿಗೆಗೆ ಇನ್ನೂ ಟೈಮಿದೆ."